ಬಟ್ಟೆ ಒಗೆಯುವ ಕೊಠಡಿಯಿಂದ ಮೂರನೆಯದು

ಅಂಟಿನ ಡಬ್ಬಿ ತೆರೆದ ಕೂಡಲೇ ಆರ್ಡಿಸ್‌ಗೆ ಅಪ್ಪನ ನೆನಪಾಯಿತು. ಐಯೋವಾದ ಮನೆಯಲ್ಲಿ ಅಪ್ಪ ಊಟದ ಮೇಜಿನ ಮೇಲೆ ಟ್ರ್ಯಾಕ್ಟರ್ ಟ್ಯೂಬು ಹರಡಿಕೊಂಡು ತೇಪೆ ಹಾಕುವಾಗ ಇದೇ ರಬ್ಬರಿನ ವಾಸನೆ. ಅದು ಮೂಗಿಗೆ ಬಡಿಯಿತೆಂದರೆ ಮರುದಿನ ಅವಳಿಗೂ ತಂಗಿ ಗ್ವೆಂಡಾಳಿಗೂ ಹೊಳೆಯಲ್ಲಿ ತೇಲುವ ಸಂಭ್ರಮ.

ಈಗ ಅವಳು ಟೆಕ್ಸಾಸಿನ ಕಡಲತೀರದಲ್ಲಿ, ಗಾಲಿಗಳ ಮೇಲಿನ ಟ್ರೇಲರ್ ಮನೆಯೊಂದರ ಮಾಡಿನ ಮೇಲೆ ಮಂಡಿಯೂರಿದ್ದಳು. ತೆಂಕಣ ಮೋಡ ಕಪ್ಪಾಗುತ್ತಿತ್ತು.

ಸೊಂಟ ಮುರಿದುಕೊಂಡ ಗ್ವೆಂಡಾ ನಾಳೆ ಆಸ್ಪತ್ರೆಯಿಂದ ಬರಬೇಕು. ಒದ್ದೆ ಮನೆಗೆ ಕಳಿಸುವುದಿಲ್ಲ ಎಂದು ನರ್ಸ್ ಖಡಾಖಂಡಿತವಾಗಿ ಹೇಳಿದ್ದಳು. ಇಲ್ಲವಾದರೆ ವೃದ್ಧಾಶ್ರಮ. "ಅಲ್ಲಿ ನನ್ನನ್ನ ಬಿಂಗೋ ಆಡಿಸಿ ಆಡಿಸಿಯೇ ಸಾಯಿಸ್ತಾರೆ ಕಣೇ ಅಕ್ಕಾ," ಎಂದು ಅತ್ತಿದ್ದಳು ಗ್ವೆಂಡಾ. "ಎಲ್ಲರೂ ಬಟ್ಟೆ ಒಗೆಯೋ ಕೊಠಡಿಯಿಂದ ಮೂರನೇದು ನನ್ನ ಟ್ರೇಲರ್. ಮಾಡಿನಲ್ಲಿ ಅಂಗೈಯಗಲ ತೂತು, ಅಷ್ಟೇ."

ಆರ್ಡಿಸ್ ಇಲ್ಲಿಗೆ ಬಂದದ್ದು ಇದೇ ಮೊದಲು; ಸಾಲಿನ ಎಲ್ಲ ಟ್ರೇಲರುಗಳೂ ಒಂದೇ ಬಿಳುಪು. ಕೊಠಡಿಯ ಮಗ್ಗುಲಿನ ಜಾಗ ಖಾಲಿ. ಹುಲ್ಲಿನ ಮೇಲೆ ಹೊಸ ಚಕ್ರದ ಗುರುತು, ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ಅಲ್ಲಿಂದಾಚೆ ಮೂರು ಎಣಿಸಿ ಏಣಿ ಹಾಕಿದ್ದರು.

"ಅಂಗೈಯಗಲವಂತೆ!" ಗಂಡ ವರ್ಲಿನ್ ಮಾಡಿನ ರಬ್ಬರು ಹೊದಿಕೆಯಲ್ಲಿದ್ದ ಮೊಳದುದ್ದದ ಹರಕು ತೋರಿಸಿದ. "ನಿನ್ನ ತಂಗಿ ಅಂಗೈ ಯಾವಾಗ ಇಷ್ಟು ಬೆಳೀತು? ಡಾಂಬರು ಬಳಿದುಬಿಡಲಾ?"

"ಡಾಂಬರು ರಬ್ಬರನ್ನ ತಿಂದುಹಾಕುತ್ತೆ. ಸುಮ್ಮನೆ ಉಜ್ಜು."

ಅವನು ಉಜ್ಜಿದ. ಹಳೆಯ ರಬ್ಬರು ಹಿಟ್ಟಿನಂತೆ ಬಿಳಿಪುಡಿ ಬಿಟ್ಟು ಇಬ್ಬರ ಮಂಡಿಯೂ ಬೆಳ್ಳಗಾಯಿತು. ಪುಡಿಗಟ್ಟಿದ್ದ ಹಳೆಯ ತೇಪೆಯನ್ನು ಆರ್ಡಿಸ್ ಕಿತ್ತೆಸೆದಳು. ಮೂಲೆಗಳು ಏಳದಿರಲೆಂದು ಹೊಸ ರಬ್ಬರ್ ಹಾಳೆಯನ್ನು ದುಂಡಗೆ ಕತ್ತರಿಸಿದಳು.

ಆಗಲೇ ಕೆಳಗೊಬ್ಬ ಮುದುಕ ಬಂದು ನಿಂತ. ಕೈಯಲ್ಲಿ ಗಾಳ, ತಲೆಯ ಮೇಲೆ ಮಾಸಿದ ಟೋಪಿ. ಬಹಳ ಹೊತ್ತು ನೋಡಿದ.

"ನಾನು ಹಾಲಿಸ್. ಇಲ್ಲಿಯವನೇ," ಎಂದ ಕೊನೆಗೆ. "ಏಣಿ ಹಿಡ್ಕೊಳ್ಳಲಾ ಅಮ್ಮಾ?"

ಮಧ್ಯಾಹ್ನವಿಡೀ ಹಿಡಿದುಕೊಂಡ. ಕೇಳುವ ಮೊದಲೇ ನೀರು ಕೊಟ್ಟ. ತೇಪೆ ಒತ್ತುವ ರೋಲರನ್ನು ತಾನೇ ಒರೆಸಿ ಮೇಲಕ್ಕೆ ಚಾಚಿದ.

"ನಿಮ್ಮ ಮಾಡು ಹೇಗಿದೆ ಹಾಲಿಸ್?" ಆರ್ಡಿಸ್ ತೇಪೆಯ ಮೇಲೆ ರೋಲರನ್ನು ಒತ್ತಿ ಉರುಳಿಸುತ್ತ ಕೇಳಿದಳು.

"ಸೋರುತ್ತೆ. ಹಾಸಿಗೆ ಪಕ್ಕ ಬಕೆಟ್ ಇಟ್ಕೊಂಡು ಮಲಗ್ತೀನಿ."

"ಪಾಪ! ಹಾಳೆ ಉಳಿದ್ರೆ ನಿಮ್ಮದಕ್ಕೂ ಹಾಕಿಕೊಡ್ತೀವಿ."

"ಹಾಕಿಕೊಡ್ತೀರಿ ಅಂತ ನಂಗೂ ಅನ್ನಿಸ್ತಿದೆ," ಎಂದ ಹಾಲಿಸ್.

ಹಾಳೆ ಚೂರೂ ಉಳಿಯಲಿಲ್ಲ. ನೀರು ನುಗ್ಗದಂತೆ ತೇಪೆಯ ಅಂಚಿಗೆ ಮೇಣದಂಥ ಮದ್ದು ಸುರಿದು ಇಬ್ಬರೂ ಇಳಿಯುವಷ್ಟರಲ್ಲಿ ಮೊದಲ ಹನಿ ಬಿತ್ತು. ಹಿಂದೆಯೇ ಮಳೆ. ಟ್ರೇಲರಿನ ಮುಂಚಾಚಿನಡಿ ಮೂವರೂ ಒತ್ತೊತ್ತಾಗಿ ನಿಂತರು.

"ಗ್ವೆಂಡಾ ಬಚಾವಾದಳು," ಎಂದು ಆರ್ಡಿಸ್ ಉಸಿರುಬಿಟ್ಟಳು.

ಹಾಲಿಸ್ ಜೇಬಿನಿಂದ ಬೀಗದಕೈ ತೆಗೆದು, ಅದೇ ಟ್ರೇಲರಿನ ಬಾಗಿಲು ತೆರೆದು ಒಳಹೊಕ್ಕ. ಗ್ಯಾಸ್ ಹತ್ತಿದ ಸದ್ದಾಯಿತು.

ಆರ್ಡಿಸ್ ವರ್ಲಿನ್‌ನತ್ತ ನೋಡಿದಳು. ವರ್ಲಿನ್ ಖಾಲಿ ಜಾಗದತ್ತ ನೋಡಿದ. ತುಟಿಯಲ್ಲೇ ಎಣಿಸಿದ.

"ಇದು... ನಿಮ್ಮದಾ?" ಆರ್ಡಿಸ್ ಬಾಗಿಲಲ್ಲಿ ಇಣುಕಿದಳು. "ಹೇಳಬಾರದಿತ್ತಾ?"

"ನಾ ಬರೋಷ್ಟರಲ್ಲಿ ಹಳೇ ತೇಪೆ ಕಿತ್ತುಹಾಕಿದ್ರಿ. ಆಮೇಲೆ ತಡೆದಿದ್ರೆ ಇವತ್ತು ಬಕೆಟ್ ಸಾಲ್ತಿರಲಿಲ್ಲ," ಒಳಗಿನಿಂದ ಹಾಲಿಸ್ ಹೇಳಿದ. "ಮೊದಲನೇ ಟ್ರೇಲರಿನವರು ಬೆಳಿಗ್ಗೆ ಹೊರಟುಹೋದ್ರು. ಗ್ವೆಂಡಾದು ಈಗ ಎರಡನೇದು."

ಪಕ್ಕದ ಮಾಡಿನ ಮೇಲೆ ಮಳೆ ದಬದಬ ಸುರಿಯುತ್ತಿತ್ತು. ಆರ್ಡಿಸ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅದು ಸೋರಲ್ಲಮ್ಮಾ. ಅವಳನ್ನ ಆಸ್ಪತ್ರೆಗೆ ಒಯ್ದ ದಿನವೇ ನಾನು ತೇಪೆ ಹಾಕಿದೆ. ನನ್ನ ಹತ್ರ ಇದ್ದ ಹಾಳೆ ಅಷ್ಟಕ್ಕೇ ಆಯ್ತು," ಎಂದು ಹಾಲಿಸ್, ಹಬೆಯಾಡುವ ಮೀನಿನ ಸಾರಿನ ಬಟ್ಟಲನ್ನು ಅವಳ ಕೈಗಿಟ್ಟ.