ಮದುವೆ ರವಿಕೆಗೆ ಅಡ್ಡ ಬಂದ ಬಿಕ್ಕಳಿಕೆ

ಬಿಕ್ಕಳಿಕೆ ಇನ್ನೂ ಸುಳ್ಳು ಹೇಳಲು ಕಲಿಯದಿದ್ದ ಕಾಲದಲ್ಲಿ, ಒಂದೂರಿನಲ್ಲಿ ಪುಟ್ಟತಾಯಿ ಎಂಬ ಟೈಲರ್ ಇದ್ದಳು. ಆಗೆಲ್ಲ ಯಾರಾದರೂ ನೆನೆದರೆ ಮಾತ್ರ ಬಿಕ್ಕಳಿಕೆ ಬರುತ್ತಿತ್ತು. ನೆನೆದವರು ಯಾರೆಂದು ಸರಿಯಾಗಿ ಹೇಳಿದರೆ ನಿಲ್ಲುತ್ತಿತ್ತು. ಅವರು ಮತ್ತೆ ನೆನೆದರೆ ಮತ್ತೆ ಬರುತ್ತಿತ್ತು.

ಅಂದು ಮುಹೂರ್ತಕ್ಕೆ ಒಂದೇ ಗಂಟೆ ಉಳಿದಿತ್ತು. ಚಂದ್ರಕಲಾಳ ಮದುವೆ ರವಿಕೆಗೆ ಇನ್ನೂ ಹುಕ್ಕು ಹಾಕಿರಲಿಲ್ಲ. ಪುಟ್ಟತಾಯಿ ಸೂಜಿ ಎತ್ತಿದಳು. ಬಿಕ್! ಸೂಜಿ ಹೆಬ್ಬೆರಳಿಗೆ ಚುಚ್ಚಿತು. "ಚಂದ್ರಕಲಾ," ಎಂದಳು. ನಿಂತಿತು. ಸೂಜಿ ಎತ್ತುವಷ್ಟರಲ್ಲಿ ಮತ್ತೆ ಬಿಕ್! ರವಿಕೆ ಬರಲಿಲ್ಲವೆಂದು ಹುಡುಗಿ ಛತ್ರದಲ್ಲಿ ಕೂತು ಇವಳನ್ನು ನೆನೆಯುತ್ತಿದ್ದಳು. ಅವಳು ನೆನೆಯುತ್ತಿದ್ದುದರಿಂದಲೇ ರವಿಕೆ ಮುಗಿಯುತ್ತಿರಲಿಲ್ಲ.

ಪುಟ್ಟತಾಯಿ ಫೋನ್ ಮಾಡಿದಳು. "ಕೈ ಮುಗೀತೀನಿ ಕಣವ್ವ, ಅರ್ಧ ಗಂಟೆ ನನ್ನ ಮರ್ತುಬಿಡು!"

ಮರೆಯಲೇಬೇಕೆಂದು ಹುಡುಗಿ ಹಟ ತೊಟ್ಟಿದ್ದೇ ತಡ, ಬಿಕ್ಕಳಿಕೆ ಮೂರು ಪಟ್ಟಾಯಿತು.

ಕೊನೆಗೆ ಚಂದ್ರಕಲಾ ಬಾಸಿಂಗ ಕಟ್ಟಿಕೊಂಡೇ, ಸೀರೆಯ ಮೇಲೆ ಅಣ್ಣನ ಅಂಗಿ ತೊಟ್ಟು ಅಂಗಡಿಗೆ ಓಡಿಬಂದಳು. ಎದುರಿನ ಸ್ಟೂಲಿನ ಮೇಲೆ ಕೂತು, "ಈಗ ಹೊಲಿಯಕ್ಕ. ಕಣ್ಣೆದುರಿಗೆ ಇರೋರ್ನ ಯಾರಾದ್ರೂ ನೆನೆಸ್ಕೋತಾರಾ?" ಎಂದಳು.

ನಿಜವೇ. ಪುಟ್ಟತಾಯಿಯ ಗಂಟಲು ತೆಪ್ಪಗಾಯಿತು. ಈಗ ಬಿಕ್ಕತೊಡಗಿದವಳು ಚಂದ್ರಕಲಾ. ಛತ್ರದವರು ಮದುಮಗಳನ್ನು ಹುಡುಕುತ್ತಿದ್ದರು.

"ಅಪ್ಪ... ಬಿಕ್! ಪುರೋಹಿತ್ರು... ಬಿಕ್!"

"ಗಂಡಿನ ಹೆಸರು ಹೇಳೇ, ನಿಲ್ಲುತ್ತೆ."

"ಆಗ್ಲೇ ಹೇಳ್ದೆ ಅಕ್ಕ, ನಿಲ್ಲಲಿಲ್ಲ. ಅಡುಗೆ ಭಟ್ರು ಅಂದೆ, ನಿಂತ್ಹೋಯ್ತು!"

ಪುಟ್ಟತಾಯಿ ನಗು ತಡೆದುಕೊಂಡು, ಕೊನೆಯ ಹುಕ್ಕಿನ ದಾರವನ್ನು ಹಲ್ಲಿನಿಂದ ಕಡಿದಳು.

"ತಗೋ, ಹಾಕ್ಕೊಂಡು ಓಡು."