ಕಿತ್ತು ಹಾಕಿದ ಸೀನು

ಹಳೆಯ ಸಿನಿಮಾವೊಂದು ಮತ್ತೆ ಬಿಡುಗಡೆಯಾದಂದಿನಿಂದ ಶಾಲೆಯಲ್ಲಿ ನನ್ನ ಮಗಳನ್ನು ಎಲ್ಲರೂ ‘ಇದ್ದಿಲಮ್ಮ’ ಎಂದು ಕರೆಯುತ್ತಿದ್ದರು. ಅದರಲ್ಲಿ ನಾಯಕ ಮನೆಗೆಲಸದ ಕಪ್ಪು ಹುಡುಗಿಯನ್ನು ಹಾಗೆ ಕರೆದು ಗೇಲಿ ಮಾಡುತ್ತಾನೆ. ಗಾರ್ಮೆಂಟ್ಸಿಗೆ ರಜೆ ಹಾಕಿ ಆ ಸೀನು ತೆಗೆಸಲು ನಾಲ್ಕನೆಯ ಸಲ ಸಿನಿಮಾ ಮಾಡಿದ ಸ್ಟುಡಿಯೋಗೆ ಹೋದೆ. ಬೆಂಚಿನ ಮೇಲೆ ಅಜ್ಜಿಯೊಬ್ಬರು ಸಿನಿಮಾದ ಪಾಸಿಗೆ ಕಾಯುತ್ತಿದ್ದರು.

“ನಲವತ್ತು ವರ್ಷದ ಹಿಂದಿನ ಕಾಮಿಡಿ ಮೇಡಂ. ಆಗ ಎಲ್ರೂ ನಕ್ಕಿದ್ರು,” ಎಂದ ಮ್ಯಾನೇಜರ್.

“ನನ್ನ ಮಗಳು ಮೂರು ದಿನದಿಂದ ಸ್ಕೂಲಿಗೆ ಹೋಗ್ತಿಲ್ಲ. ನೀವೇ ಬಂದು ನಗಿಸ್ತೀರಾ?”

ಅವನು ಸೋತವನಂತೆ ಫೋನ್ ಎತ್ತಿದ. “ಆ ಸೀನು ಕಿತ್ತಾಕ್ರಪ್ಪ. ನಾಳೆಯಿಂದ ಬೇಡ.”

ಗೆದ್ದು ಹೊರಟ ನನ್ನ ಸೆರಗನ್ನು ಅಜ್ಜಿ ಹಿಡಿದರು.

“ನಾಳೆ ಒಂದಿನ ಇರ್ಲಿ ಕಣವ್ವ. ಮೊಮ್ಮಕ್ಳು ನನ್ನ ನೋಡಕ್ಕೆ ಬತ್ತವೆ. ನಾನಿರೋದು ಅದೊಂದೇ ಸೀನಲ್ಲಿ.”