ದೆಹಲಿಯಲ್ಲಿ ಏಳು ಗಂಟೆ

ತೀರ್ಥದ ಬಾಟಲಿಯನ್ನು ವಾಗೀಶ ಅತ್ತಿಗೆಯ ಕೈಗೆ ಕೊಡಲಿಲ್ಲ. ದೇವರ ಮನೆಯ ಬಾಗಿಲ ಬಳಿ ಇಟ್ಟು ಹಿಂದೆ ಸರಿದ.

"ಹರಿದ್ವಾರದಲ್ಲಿ ಎಲ್ಲಾ ಸರಿಯಾಗಿ ಆಯ್ತಾ?" ಎಂದು ಚಂದ್ರಮತಿ ಕೇಳಿದರು.

"ಆಯ್ತು ಅತ್ತಿಗೆ."

ಸುಳ್ಳು ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಅಣ್ಣ ವೆಂಕಟಸುಬ್ಬಯ್ಯ ತೀರಿಕೊಂಡು ತಿಂಗಳಾಗಿತ್ತು. ಹನ್ನೊಂದು ವರ್ಷ ಲಕ್ವ ಹೊಡೆದು ಮಲಗಿದ್ದವರು. ಮಕ್ಕಳಿಲ್ಲದ ಮನೆ. ಅವರನ್ನು ಎತ್ತುವುದು, ಮಲಗಿಸುವುದು, ಸ್ನಾನ ಮಾಡಿಸುವುದು ಎಲ್ಲ ಮದುವೆಯಾಗದ ತಮ್ಮ ವಾಗೀಶನ ಪಾಲು. ನಾಲ್ಕು ದಿನ ಎಲ್ಲಾದರೂ ಹೋಗಿ ಬಾ ಎಂದು ಯಾರಾದರೂ ಅಂದರೆ, "ಅಣ್ಣನ್ನ ಬಿಟ್ಟಾ?" ಎಂದು ರೇಗುತ್ತಿದ್ದ. ಅಗ್ರಹಾರದ ಆ ಬೀದಿಯೇ ಅವನ ಪ್ರಪಂಚವಾಗಿತ್ತು. ಟಿವಿಯಲ್ಲಿ ಗಣರಾಜ್ಯೋತ್ಸವ ಬಂದಾಗ ಮಾತ್ರ ಅಣ್ಣನ ಮಂಚಕ್ಕೆ ಒರಗಿ, ಕಣ್ಣು ಮಿಟುಕಿಸದೆ ದೆಹಲಿ ನೋಡುತ್ತಿದ್ದ.

ಅಸ್ಥಿಯ ಅರ್ಧವನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗಿತ್ತು. ಉಳಿದದ್ದು ಗಂಗೆಗೇ ಆಗಬೇಕೆಂದು ಅತ್ತಿಗೆ ಹಟ ಹಿಡಿದರು. ಕಾಶಿಗಾದರೆ ಮೈಸೂರಿನಿಂದಲೇ ನೇರ ರೈಲಿದೆ. ಅವರಿಗೆ ಹರಿದ್ವಾರವೇ ಬೇಕು. ದೆಹಲಿಯಲ್ಲಿ ರೈಲು ಬದಲಿಸಬೇಕು, ನಡುವೆ ಏಳು ಗಂಟೆ. ಕುಡಿಕೆಯ ಬಾಯಿ ಕಟ್ಟಿ, ಕೆಂಪು ಚೀಲದಲ್ಲಿ ಹೊಲಿದು ಅವನ ಹೆಗಲಿಗೆ ಹಾಕಿದರು. ಹೊಸ ಷರಟನ್ನೂ ಕೊಟ್ಟರು. ಹರಿದ್ವಾರ ಮುಟ್ಟುವವರೆಗೆ ಚೀಲ ಹೆಗಲಿನಿಂದ ಇಳಿಸುವುದಿಲ್ಲ ಎಂದು ವಾಗೀಶ ತಾನಾಗಿಯೇ ಮಾತು ಕೊಟ್ಟಿದ್ದ.

"ಮತ್ತೆ ಡೆಲ್ಲೀಲಿ ಅಷ್ಟು ಹೊತ್ತು ಏನ್ಮಾಡ್ದೆ?" ಎಂದು ಚಂದ್ರಮತಿ ಈಗ ಕೇಳಿದರು.

"ಸ್ಟೇಷನ್ನಲ್ಲೇ ಕೂತಿದ್ದೆ."

"ಏಳು ಗಂಟೇನೂ? ಎಲ್ಲೂ ಹೋಗ್ಲೇ ಇಲ್ವಾ?"

"ಅಣ್ಣನ್ನ ಹೆಗಲ ಮೇಲಿಟ್ಕೊಂಡು ಊರು ಸುತ್ತಕ್ಕಾಗತ್ತಾ ಅತ್ತಿಗೆ?"

ಚಂದ್ರಮತಿಯವರ ಮುಖ ಇಳಿದುಹೋಯಿತು. ಸುಳ್ಳು ಗೊತ್ತಾಗಿಬಿಟ್ಟಿದೆ ಎಂದುಕೊಂಡ ವಾಗೀಶ. ನಾಳೆ ಗಂಗಾ ಸಮಾರಾಧನೆ. ಬೀದಿಯವರೆಲ್ಲ ಬಂದು ಈ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ಬಾಯಿ ಬಿಡುವುದಕ್ಕೂ ಆಗುವುದಿಲ್ಲ. ಅವನು ಗೋಡೆಗೊರಗಿ ಕೂತ.

"ಹೋಗಿದ್ದೆ ಅತ್ತಿಗೆ. ಕೆಂಪುಕೋಟೆಗೆ ಹೋದೆ. ಒಂದ್ಸಲ ನೋಡ್ಕೊಂಡು ಬಂದ್ಬಿಡೋಣ ಅಂತ."

ಒಂದು ಸಲ ಎಂದದ್ದು ಮೂರು ಗಂಟೆ ಹೊತ್ತಾಯಿತು. ಕುಲ್ಫಿ ತಿಂದ. ಆಟೋ ಹತ್ತಿ ಇಂಡಿಯಾ ಗೇಟಿಗೆ ಹೊರಟ. ಆಟೋದಲ್ಲಿ ಚೀಲವನ್ನು ಪಕ್ಕಕ್ಕಿಟ್ಟುಕೊಂಡದ್ದು ನೆನಪಿದೆ. ಇಂಡಿಯಾ ಗೇಟು ಕಣ್ಣಿಗೆ ಬಿದ್ದದ್ದೇ ತಡ, ಹುಡುಗನ ಹಾಗೆ ಇಳಿದು ಓಡಿದ. ಯಾರದೋ ಕೈಗೆ ಮೊಬೈಲು ಕೊಟ್ಟು ಫೋಟೋ ತೆಗೆಸಿಕೊಂಡ. ಹೇಗೆ ಬಂದಿದೆಯೆಂದು ನೋಡಿದರೆ, ಬಾಯ್ತುಂಬ ನಗು, ಹೆಗಲು ಖಾಲಿ.

ಆಟೋ ಸಿಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಸ್ಟೇಷನ್ ಹತ್ತಿರ ಇಸ್ತ್ರಿ ಹಾಕುವವನಿಂದ ಎರಡು ಹಿಡಿ ಇದ್ದಿಲ ಬೂದಿ ಕೇಳಿ ತೆಗೆದುಕೊಂಡ. ಮಾರನೆಯ ಬೆಳಗ್ಗೆ ಹರಿದ್ವಾರದಲ್ಲಿ ಆ ಬೂದಿಯನ್ನೇ ಅಣ್ಣನ ಗೋತ್ರ, ಹೆಸರು ಹೇಳಿ ಗಂಗೆಗೆ ಬಿಟ್ಟ.

ಎಲ್ಲವನ್ನೂ ಹೇಳಿ ಮುಗಿಸಿ ಮೊಬೈಲಿನಲ್ಲಿ ಆ ಫೋಟೋ ತೆರೆದ. "ಅಣ್ಣನ್ನ ಕಳ್ಕೊಂಡಿದ್ದಕ್ಕಿಂತ ಹೆಚ್ಚಿಗೆ ನಾಚಿಕೆ ಯಾವುದಕ್ಕೆ ಗೊತ್ತಾ? ಅಲ್ಲಿದ್ದಷ್ಟು ಹೊತ್ತು ನಂಗೆ ಅವನ ನೆನಪೇ ಬರ್ಲಿಲ್ಲ. ಖುಷಿಯಾಗಿದ್ದೆ ಅತ್ತಿಗೆ."

ಚಂದ್ರಮತಿ ಬಯ್ಯಲಿಲ್ಲ. ಕೈ ಚಾಚಿ ಮೊಬೈಲು ಇಸಕೊಂಡು ಫೋಟೋವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ವಾಗೀಶ ತಲೆ ಎತ್ತಲಿಲ್ಲ.

"ನೀನು ಟಿಕೆಟ್ ಮಾಡಿಸೋಕೆ ಹೋದ ದಿನಾನೇ ಪುರೋಹಿತರನ್ನ ಕರ್ಕೊಂಡು ಹೋಗಿ ಉಳಿದ ಅಸ್ಥೀನೂ ಪಶ್ಚಿಮವಾಹಿನೀಲಿ ಬಿಟ್ಟುಬಂದೆ. ನೀನು ಕಳ್ಕೊಂಡಿದ್ದು ನಮ್ಮ ಬಚ್ಚಲೊಲೆ ಬೂದಿ ಕಣೋ," ಎಂದರು ಚಂದ್ರಮತಿ. "ಸುಮ್ನೆ ಡೆಲ್ಲಿ ನೋಡ್ಕೊಂಡು ಬಾ ಅಂದ್ರೆ ಅವನು ಜನ್ಮದಲ್ಲಿ ಹೋಗಲ್ಲ, ನನ್ನ ಹೆಸರು ಹೇಳಿ ಕಳಿಸು ಅಂತ ನಿಮ್ಮಣ್ಣನೇ ಹೇಳಿದ್ರು."